ಸೇತುವೆ ನೋಡುವ ಕೆಲಸ

ಆ ಸೇತುವೆಗೆ ನಾನು ಅಂಜಲು ಶುರುಮಾಡಿದ್ದು ಅದನ್ನು ನೋಡುವ ಕೆಲಸ ಸಿಕ್ಕ ಮೇಲೆ. ಅದಕ್ಕೂ ಮೊದಲು, ಮದುವೆಯಾಗಿ ಬಂದಾಗಿನಿಂದಲೂ, ಅದನ್ನು ದಾಟುವಾಗ ಬಸ್ಸಿನಲ್ಲಿ ತೂಕಡಿಸುತ್ತಿದ್ದೆ, ಇಲ್ಲವೆ ಪಕ್ಕದವರ ಜೊತೆ ಮಾತಾಡುತ್ತಿದ್ದೆ. ನಮ್ಮೂರು ಹೂವಿನ ಹಿಪ್ಪರಗಿಯ ಕಡೆ. ಅಲ್ಲಿಂದ ಬಸವನ ಬಾಗೇವಾಡಿಗೆ ಹೋಗುವ ದಾರಿಯಲ್ಲಿ ದೊಡ್ಡದೊಂದು ಹಳ್ಳ ಅಡ್ಡ ಬರುತ್ತದೆ. ಬ್ರಿಟಿಷರ ಕಾಲದಲ್ಲಿ ಅದಕ್ಕೆ ಕಪ್ಪು ಕಲ್ಲು, ಸುಣ್ಣದ ಗಾರೆಯಿಂದ ಕಮಾನುಗಳ ಸೇತುವೆ ಕಟ್ಟಿದ್ದಾರೆ. ಎತ್ತಿನ ಗಾಡಿಗಳಿಗೆಂದು ಕಟ್ಟಿದ ಅಗಲ. ಮೇಲೆ ಬಸ್ಸೊಂದು ನಿಂತರೆ ಬದಿಯ ಗೋಡೆಗೂ ಅದಕ್ಕೂ ನಡುವೆ ಒಬ್ಬ ಮನುಷ್ಯ ಮೈ ಓರೆ ಮಾಡಿಕೊಂಡು ಹೋಗುವಷ್ಟು ಜಾಗ ಉಳಿಯುತ್ತದೆ.

ಬಾಗೇವಾಡಿಯ ಕಚೇರಿಯೊಂದರಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡುತ್ತಿದ್ದೆ. ಒಂದು ದಿನ ಮೇಲಿನವರು ಕರೆದು, ಹಳೆಯ ಸೇತುವೆಗಳಿಗೆ ಕ್ಯಾಮೆರಾ ಹಾಕುತ್ತಿದ್ದೇವೆ, ಆ ಪರದೆಗಳ ಮುಂದೆ ನೀವು ಕೂಡಬೇಕು ಎಂದರು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯ ಕೆಲವು ಕಲ್ಲಿನ ಸೇತುವೆಗಳ ಜೊತೆಗೆ ನಮ್ಮ ಹಳ್ಳದ್ದೂ ಅದರಲ್ಲಿತ್ತು. ಸೇತುವೆಗೆ ಸ್ವಲ್ಪ ಮೊದಲು ರಸ್ತೆಯಲ್ಲಿ ತೂಕ ಅಳೆಯುವ ಪಟ್ಟಿ ಹುಗಿದಿದ್ದರು. ಗಾಡಿ ಅದರ ಮೇಲೆ ಹಾದ ಕೂಡಲೇ ಕಂಬದ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟನ್ನು ಹಿಡಿದು, ತೂಕದೊಂದಿಗೆ ನನ್ನ ಪರದೆಗೆ ಕಳಿಸುತ್ತಿತ್ತು. ಮಿತಿ ಮೀರಿದ್ದರೆ ಕೆಂಪು ಗೆರೆ. ನಂಬರು ಸರಿಯಾಗಿ ಕಾಣುತ್ತದೆಯೇ ಎಂದು ನೋಡಿ ನಾನು ಒಪ್ಪಿಗೆ ಒತ್ತಿದರೆ ಮಾಲೀಕನಿಗೆ ದಂಡದ ನೋಟಿಸು ಹೋಗುತ್ತಿತ್ತು.

ಮೊದಲ ವಾರವೇ ನನ್ನ ಪರದೆ ಕೆಂಪಗಾಯಿತು. ಅದು ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆ ಹೋಗುತ್ತಿದ್ದವು. ಅವುಗಳ ನಡುವೆ ಖಡಿ, ಅಂದರೆ ಜಲ್ಲಿಕಲ್ಲು ತುಂಬಿದ ಟಿಪ್ಪರುಗಳು. ಸೇತುವೆಯ ಬಾಯಲ್ಲೇ ಮಿತಿಯ ಫಲಕವಿತ್ತು. ಬರುವ ತೂಕ ಅದರ ಎರಡು ಪಟ್ಟು, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ಇಷ್ಟು ವರ್ಷ ನಾನು ಕಣ್ಣು ಮುಚ್ಚಿಕೊಂಡು ದಾಟಿದ ಕಲ್ಲಿನ ಮೇಲೆ ಇದೆಲ್ಲ ಹಾದುಹೋಗುತ್ತಿತ್ತೇ ಎಂದು ಆ ಅಂಕಿಗಳನ್ನು ಮತ್ತೆ ಮತ್ತೆ ಓದಿದೆ.

ಕ್ಯಾಮೆರಾ ಹಾಕಿಸಿದ ಇಂಜಿನಿಯರು ಮೆತ್ತಗೆ ಮಾತಾಡುವ ಮನುಷ್ಯ. ನಾಲ್ಕೂ ತಾಲೂಕು ತಿರುಗುತ್ತಿದ್ದ ಅವರು ಬಾಗೇವಾಡಿಗೆ ಬಂದಾಗ ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂಡುತ್ತಿದ್ದರು. ಹಟ ಹಿಡಿದು ಹಳ್ಳದ ದಂಡೆಯಲ್ಲೂ ಒಂದು ಕ್ಯಾಮೆರಾ ನಿಲ್ಲಿಸಿದ್ದು ಅವರೇ. ಅದರಲ್ಲಿ ಸೇತುವೆಯ ಪಕ್ಕೆ, ಕಮಾನುಗಳು, ಕೆಳಗಿನ ನೀರು ಕಾಣುತ್ತಿತ್ತು. ಇದು ಯಾಕೆ ಎಂದು ಒಮ್ಮೆ ಕೇಳಿದೆ.

"ಕಬ್ಬಿಣ ಬಾಗತೈತ್ರಿ, ಕಟಗಿ ಸಪ್ಪಳ ಮಾಡತೈತಿ," ಎಂದರು ಅವರು. "ಈ ಕಲ್ಲಿನ ಕಮಾನು ಹಂಗಲ್ಲ. ಬೀಳೂತನಕಾ ನಿಂತೇ ಇರತೈತಿ. ಮ್ಯಾಲಿಂದ ನೋಡಿದ್ರ ಏನೂ ಗೊತ್ತಾಗೂದಿಲ್ಲ. ಕಲ್ಲಿನ ಸಂದಿಯಿಂದ ಸುಣ್ಣದ ಪುಡಿ ಉದುರಾಕತ್ತಿದ್ರ ಮಾತ್ರ ನಂಗ ಫೋನ್ ಮಾಡ್ರಿ."

ಆ ಸಂಜೆ ಬಸ್ಸು ಸೇತುವೆಯ ಹತ್ತಿರ ಬಂದಾಗ ಎದುರಿನ ಸೀಟಿನ ಕಂಬಿ ಹಿಡಿದುಕೊಂಡೆ. ಮರುದಿನವೂ ಹಾಗೆಯೇ. ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಗಾಡಿ ನಿಲ್ಲಿಸಲು ಹೇಳಿ ಇಳಿದುಬಿಟ್ಟೆ. ಬಸ್ಸು ಆಚೆ ದಾಟಿದ ಮೇಲೆ ನಡೆದು ಹೋಗಿ ಮತ್ತೆ ಹತ್ತಿದೆ. ಅವತ್ತಿನಿಂದ ಅದೇ ರೂಢಿಯಾಯಿತು. ಡ್ರೈವರು ಗೊಣಗುತ್ತಿದ್ದ. ಕಂಡಕ್ಟರು ಮಾತ್ರ ಏನೂ ಅನ್ನುತ್ತಿರಲಿಲ್ಲ. ಬಹಳ ವರ್ಷದಿಂದ ನಮ್ಮ ದಾರಿಯಲ್ಲೇ ಇದ್ದ ಹಿರಿಯ ಮನುಷ್ಯ ಆತ. ಬಸ್ಸು ಎಲ್ಲಿದೆ ಎಂದು ಕೇಳಲು ಊರವರೆಲ್ಲರ ಫೋನಿನಲ್ಲೂ ಆತನ ನಂಬರು ಇತ್ತು.

ಸುದ್ದಿ ಮನೆಗೆ ಮುಟ್ಟಲು ತಡವಾಗಲಿಲ್ಲ. ನಮ್ಮ ಅತ್ತೆ ನಕ್ಕೇ ನಕ್ಕರು. ಅವರ ತವರು ಇಂಡಿ ತಾಲೂಕಿನ ಹಲಸಂಗಿ. ಮಾತು ಖಡಕ್ಕು, ಮೊಣಕಾಲು ಮಾತ್ರ ಸೋತಿದ್ದವು. ಲಗ್ನವಾಗಿ ಬಂದಾಗ ಜೋಳದ ಚೀಲ ತುಂಬಿದ ಗಾಡಿಯ ಮೇಲೆ ಕುಳಿತು ಇದೇ ಸೇತುವೆ ದಾಟಿದ್ದನ್ನು, ಹಳ್ಳ ತುಂಬಿ ನೀರು ಕಲ್ಲಿಗೆ ಬಡಿಯುತ್ತಿದ್ದುದನ್ನು ಮತ್ತೊಮ್ಮೆ ಹೇಳಿದರು. ಓದಿದ ಸೊಸೆ ಟಿವಿಯಲ್ಲಿ ಕಲ್ಲು ನೋಡಿ ಅಂಜುತ್ತಾಳೆ ಎಂದು ಓಣಿಯ ಹೆಂಗಸರಿಗೂ ಹೇಳಿ ನಗಿಸಿದರು. ನನ್ನ ಗಂಡನೂ ನಕ್ಕರು. ಪರದೆಯಲ್ಲಿ ಕಂಡ ತೂಕವನ್ನು ಹೇಳಿದರೆ ಅವರೂ ಅಂಜುತ್ತಾರಲ್ಲ ಎಂದು ಅನಿಸಿತು.

ಇನ್ನೊಂದು ಅಂಜಿಕೆ ಬಸ್ ನಿಲ್ದಾಣದಲ್ಲಿ ಬಂದು ನನ್ನ ಪಕ್ಕಕ್ಕೇ ಕುಳಿತಿತು. ನೋಟಿಸುಗಳು ಹೋಗಲು ಶುರುವಾದ ಮೇಲೆ ನಂಬರ್ ಪ್ಲೇಟುಗಳಿಗೆ ಕೆಸರು ಮೆತ್ತತೊಡಗಿದರು. ಕೆಲವರು ಕಬ್ಬಿನ ಒಣಗಿದ ಎಲೆ, ಅಂದರೆ ರವದಿಯನ್ನು ಜೋತುಬಿಟ್ಟು ಮುಚ್ಚುತ್ತಿದ್ದರು. ಅಂಥ ಚಿತ್ರಗಳನ್ನು ನಾನು ಬೇರೆ ತೆಗೆದು ಮೇಲಿನವರಿಗೆ ಕಳಿಸುತ್ತಿದ್ದೆ. ಆ ಗಾಡಿಯವರಲ್ಲಿ ಕೆಲವರನ್ನು ದಾರಿಯಲ್ಲೇ ತಡೆದು ದಂಡ ಹಾಕಿದರೆಂದು ಕೇಳಿದೆ. ಅದಾದ ಕೆಲವೇ ದಿನಗಳಲ್ಲಿ ಬಿಳಿ ಅಂಗಿಯ ಒಬ್ಬ ಮನುಷ್ಯ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತ. ಮುಖದಲ್ಲಿ ಸಿಟ್ಟೇ ಇರಲಿಲ್ಲ.

"ಅಕ್ಕಾರ, ಕ್ಯಾಮೆರಾದ ಮುಂದ ಕೂಡೂದು ನೀವೇ ಅಲ್ರಿ?" ಎಂದ. "ಹಿಪ್ಪರಗಿ ಬಸ್ಸಿಗೆ ಹೋಗ್ತೀರಿ. ಬ್ರಿಡ್ಜಿನ ಹತ್ರ ಇಳದು ಒಬ್ರೇ ನಡಕೋತ ಹೋಗ್ತೀರಿ. ಹುಷಾರಿ ಇರ್ರಿ, ಟ್ರ್ಯಾಕ್ಟರ್ ಹುಡುಗ್ರು ನೋಡಿ ಗಾಡಿ ಹೊಡ್ಯೂದಿಲ್ಲ."

ಇಷ್ಟು ಹೇಳಿ ಎದ್ದು, ಚಹಾದ ಅಂಗಡಿಯ ಕಡೆ ಹೋದ. ಅವನು ಗದರಿಸಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆನೇನೋ. ಅವನ ಮರ್ಯಾದೆಯ ಮಾತು ಕೇಳಿ ಬೆಂಚು ಬಿಟ್ಟು ಹೆಂಗಸರ ಗುಂಪಿನೊಳಗೆ ಹೋಗಿ ನಿಂತೆ. ಅಂದಿನಿಂದ ಸೇತುವೆಯ ಮೇಲೆ ನಡೆಯುವಾಗ ಕಾಲ ಕೆಳಗಿನ ಕಲ್ಲಿಗೂ ಅಂಜಬೇಕಾಯಿತು, ಹಿಂದಿನಿಂದ ಬರುವ ಟ್ರ್ಯಾಕ್ಟರಿನಲ್ಲಿ ಜೋರಾಗಿ ಹಾಕಿದ ಹಾಡಿಗೂ ಅಂಜಬೇಕಾಯಿತು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಕೆಲಸ ಬಿಡಿಸುತ್ತಾರೆಂದು ಗೊತ್ತಿತ್ತು. ಇಂಜಿನಿಯರಿಗೆ ಹೇಳಿದೆ. ಅವರು ನನ್ನ ಮೇಲಿನವರ ಹತ್ತಿರ ಮಾತಾಡಿದರು. ಪೊಲೀಸರಿಗೆ ಒಂದು ಮಾತು ಹೋಯಿತಂತೆ. ಆ ಮನುಷ್ಯ ಮತ್ತೆ ನನಗೆ ಕಾಣಲಿಲ್ಲ. ಕಾಣದಿದ್ದುದರಿಂದ ಅಂಜಿಕೆಯೇನೂ ಕಡಿಮೆಯಾಗಲಿಲ್ಲ.

ಹಂಗಾಮು ಮುಗಿಯುತ್ತ ಬಂದಿತ್ತು. ಒಂದು ದಿನ ನಾನು ಬೆಳಗಿನ ಮೊದಲ ಬಸ್ಸಿಗೆ ಕೆಲಸಕ್ಕೆ ಹೋಗಿದ್ದೆ. ಅತ್ತೆ ಕಣ್ಣು ತೋರಿಸಲು ಮುಂದಿನ ಬಸ್ಸಿಗೆ ಬಾಗೇವಾಡಿಗೆ ಬರುವವರಿದ್ದರು. ಬಿಸಿಲು ಏರಿತ್ತು. ನಾನು ಮುದ್ದೇಬಿಹಾಳದ ಕಡೆಯ ಸೇತುವೆಯ ಚಿತ್ರ ನೋಡುತ್ತಿದ್ದೆ. ನಮ್ಮ ಹಳ್ಳದ ಪರದೆಯಲ್ಲಿ ಕೆಂಪು ಗೆರೆ ಬಂದಿತು. ಎರಡು ಟ್ರೇಲರಿನ ಟ್ರ್ಯಾಕ್ಟರು. ಅದರ ಬೆನ್ನಿಗೇ ಮತ್ತೊಂದು ಕೆಂಪು ಗೆರೆ, ಖಡಿ ತುಂಬಿದ ಟಿಪ್ಪರು. ಅದರ ಹಿಂದೆ ನಮ್ಮೂರ ಬಸ್ಸು. ಬಸ್ಸಿಗೆ ಅಂಟಿಕೊಂಡಂತೆ ಇನ್ನೊಂದು ಕಬ್ಬಿನ ಟ್ರ್ಯಾಕ್ಟರು.

ಒಂದು ದಾಟಿದ ಮೇಲೆ ಇನ್ನೊಂದು ಹೋಗಬೇಕೆಂಬ ನಿಯಮವಿತ್ತು. ಯಾರೂ ಪಾಲಿಸುತ್ತಿರಲಿಲ್ಲ. ಮುಂದಿನ ಟ್ರ್ಯಾಕ್ಟರು ಸೇತುವೆಯ ಅರ್ಧಕ್ಕಿಂತ ಮುಂದೆ ಹೋಗಿ ಒಮ್ಮೆಲೇ ನಿಂತಿತು. ಹಿಂದಿನ ಟ್ರೇಲರಿನ ಟಯರು ಒಡೆದಿತ್ತು. ಕಬ್ಬಿನ ಹೊರೆ ಗೋಡೆಯ ಕಡೆ ವಾಲಿತು. ಟಿಪ್ಪರು ನಿಂತಿತು, ಬಸ್ಸು ನಿಂತಿತು, ಕೊನೆಯ ಟ್ರ್ಯಾಕ್ಟರೂ ಸೇತುವೆಯ ಮೇಲೆಯೇ ಬಂದು ನಿಂತಿತು. ಯಾರಿಗೂ ಮುಂದೆ ಹೋಗಲು ದಾರಿಯಿಲ್ಲ, ಎರಡು ಟ್ರೇಲರು ಕಟ್ಟಿದ ಕೊನೆಯ ಟ್ರ್ಯಾಕ್ಟರಿಗೆ ಹಿಂದೆ ಸರಿಯಲೂ ಬರುವುದಿಲ್ಲ. ಡ್ರೈವರುಗಳು ಇಳಿದು ಕೈ ಬೀಸಿ ಮಾತಾಡುವುದು ಕಾಣುತ್ತಿತ್ತು. ಚಿತ್ರಕ್ಕೆ ಸದ್ದಿರಲಿಲ್ಲ.

ಯಂತ್ರ ಒಂದೊಂದೇ ಗಾಡಿಯನ್ನು ತೂಗಿ ಹೇಳುತ್ತಿತ್ತು. ನಾಲ್ಕೂ ಕೂಡಿ ಆ ಕಲ್ಲಿನ ಮೇಲೆ ನಿಂತಾಗ ಎಷ್ಟಾಗುತ್ತದೆ ಎಂದು ಹೇಳಲು ಅದಕ್ಕೆ ಯಾರೂ ಕಲಿಸಿರಲಿಲ್ಲ. ನಾನು ಮನಸ್ಸಿನಲ್ಲೇ ಕೂಡಿಸಿದೆ. ಕೂಡಿಸಿದ ಮೇಲೆ ದಂಡೆಯ ಕ್ಯಾಮೆರಾದ ಚಿತ್ರ ನೋಡಿದೆ. ಟಿಪ್ಪರು ನಿಂತಿದ್ದ ಕಮಾನಿನ ಕೆಳಗೆ, ಬಿಸಿಲಿನಲ್ಲಿ, ಹಿಟ್ಟು ಜರಡಿ ಹಿಡಿದಂತೆ ಬೆಳ್ಳಗೆ ಏನೋ ಉದುರುತ್ತಿತ್ತು.

ಇಂಜಿನಿಯರು ಸಿಂದಗಿಯ ಕಡೆ ಇದ್ದರು. ಫೋನು ಮಾಡಿ ಹೇಳಿದೆ. ಗಾಡಿಯ ಚಿಂತೆ ಬಿಡಿ, ಯಾರೂ ಇಂಜಿನ್ ಶುರುಮಾಡಬಾರದು, ಮೊದಲು ಜನರನ್ನು ನಡೆಸಿ ಹೊರಗೆ ತನ್ನಿ, ನಾನು ಬರುತ್ತಿದ್ದೇನೆ ಎಂದರು. ಕಂಡಕ್ಟರಿಗೆ ಫೋನು ಹಚ್ಚಿದೆ.

"ಅಣ್ಣಾರ, ನಾ ಕ್ಯಾಮೆರಾದಾಗ ನೋಡಾಕತ್ತೇನಿ," ಎಂದೆ. "ಕೆಳಗ ಸುಣ್ಣ ಉದರಾಕತ್ತೈತಿ. ಎಲ್ಲಾರನೂ ಇಳಿಸ್ರಿ. ಹಿಂದಕ ನಡಸ್ರಿ. ಓಡಬ್ಯಾಡ್ರಿ ಅಂತ ಹೇಳ್ರಿ."

ಆತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಮೇಲೆ ಆತನೇ ಹೇಳಿದ್ದು: ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲವಂತೆ, ದಿನಾಲೂ ಇಳಿದು ನಡೆಯುವವಳು ಹೇಳಿದ್ದಕ್ಕೆ ನಂಬಿದನಂತೆ. ಪರದೆಯಲ್ಲಿ ಒಬ್ಬೊಬ್ಬರೇ ಇಳಿಯತೊಡಗಿದರು. ಗೋಡೆಗೆ ಬೆನ್ನು ಹಚ್ಚಿ, ಕಬ್ಬಿನ ತುದಿಗಳನ್ನು ಕೈಯಿಂದ ಸರಿಸುತ್ತ, ಹಿಂದಿನ ಟ್ರ್ಯಾಕ್ಟರಿನ ಪಕ್ಕದಿಂದ ನುಸುಳುತ್ತಿದ್ದರು. ಒಬ್ಬಾಕೆ ಕೂಸನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಒಬ್ಬ ಮುದುಕ ನಡುವೆ ನಿಂತು ಕೆಳಗೆ ಬಗ್ಗಿ ನೋಡಿದ. ಹಿಂದಿನವರೆಲ್ಲ ನಿಂತರು. ನಡಿಯಪ್ಪಾ, ನಡಿ ಎಂದು ನಾನು ಪರದೆಗೆ ಹೇಳುತ್ತಿದ್ದೆ. ಪಕ್ಕದ ಮೇಜಿನ ಸಹೋದ್ಯೋಗಿ ಎದ್ದು ಬಂದು ನನ್ನ ಹಿಂದೆ ನಿಂತ.

ಸ್ವಲ್ಪ ಹೊತ್ತಿಗೆ ಕಂಡಕ್ಟರೇ ಫೋನು ಮಾಡಿದ. "ಅಕ್ಕಾರ, ನಿಮ್ಮ ಅತ್ತಿ ಇಳಿವಲ್ಲರು. ಅವರು, ಕಬ್ಬು ಕಡಿಯೂ ಒಬ್ಬಾಕಿ ಹೆಣ್ಮಗಳು, ನಾ. ಮೂರೇ ಮಂದಿ ಉಳದೇವಿ."

ಅತ್ತೆ ಆ ಬಸ್ಸಿನಲ್ಲಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಅಲ್ಲಿಯವರೆಗೆ ನೆನಪಿಗೆ ಬಂದಿರಲಿಲ್ಲ. ಹೇಗೆ ಹಾಗಾಯಿತೋ ಇವತ್ತಿಗೂ ತಿಳಿಯದು. ಫೋನು ಅವರ ಕೈಗೆ ಕೊಡಲು ಹೇಳಿದೆ.

"ಏನವಾ, ಅಲ್ಲಿ ಕುಂತು ಊರ ಮಂದೀನೆಲ್ಲಾ ಅಂಜಸ್ತೀ?" ಎಂದರು ಅತ್ತೆ. "ನನ್ನ ಕಾಲು ಮಡಚೂದಿಲ್ಲ. ಆ ಸಂದ್ಯಾಗ ನಾ ಹಾಯೂದಿಲ್ಲ. ಗಾಡಿ ಸರಿದ ಮ್ಯಾಲೆ ಬರ್ತೇನಿ."

"ಅತ್ತೀ, ನಿಮ್ಮ ಕಾಲು ಬೀಳ್ತೇನಿ, ಇಳೀರಿ," ಎಂದೆ. ಮುಂದೆ ಹೇಳಬೇಕೆನ್ನುವಷ್ಟರಲ್ಲಿ ದಂಡೆಯ ಚಿತ್ರದಲ್ಲಿ ಕಮಾನಿನಿಂದ ಒಂದು ಕಲ್ಲು ಕಳಚಿತು. ಸದ್ದಿಲ್ಲದೆ ನೀರಿಗೆ ಬಿತ್ತು. ನೀರಿನ ಬಳೆ ಅಗಲವಾಗುತ್ತ ದಂಡೆಯ ಕಡೆ ಬರುತ್ತಿತ್ತು. ಅಷ್ಟಕ್ಕೇ ಅದು ನಿಂತುಬಿಟ್ಟಿತು.

ನಿಂತದ್ದು ಚಿತ್ರ. ಎರಡೂ ಪರದೆಗಳು ನಿಂತಿದ್ದವು. ನೆಟ್‌ವರ್ಕ್ ಹೋಗಿತ್ತು. ಫೋನೂ ಕಟ್ಟಾಗಿತ್ತು. ರಸ್ತೆಯ ಚಿತ್ರದಲ್ಲಿ ಬಸ್ಸಿನ ಕಿಟಕಿ, ಕಿಟಕಿಯಲ್ಲಿ ಕೆಂಪು ಸೆರಗಿನ ತಲೆ. ಆ ತಲೆ ಅಲುಗಾಡಲಿಲ್ಲ. ನಾನು ಮತ್ತೆ ಮತ್ತೆ ಗುಂಡಿ ಒತ್ತಿದೆ. ಆ ಚಿತ್ರ ಅಲ್ಲಿ ಇದ್ದಂತೆಯೇ ಇದ್ದರೂ, ನಿಜವಾದ ಸೇತುವೆ ಆಗಲೇ ಹಳ್ಳದಲ್ಲಿ ಬಿದ್ದಿರಬಹುದು. ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅದುವರೆಗಿನ ಅಂಜಿಕೆಯೆಲ್ಲ ಕಂಡದ್ದಕ್ಕೆ ಹುಟ್ಟಿದ ಅಂಜಿಕೆ. ಇದು ಕಾಣದೆ ಇದ್ದುದಕ್ಕೆ. ಇದರ ಮುಂದೆ ಮೊದಲಿನದು ಏನೂ ಅಲ್ಲ ಎನಿಸಿತು.

ಸಹೋದ್ಯೋಗಿ ತನ್ನ ಬೈಕಿನ ಮೇಲೆ ಕರೆದುಕೊಂಡು ಹೊರಟ. ದಾರಿಯುದ್ದಕ್ಕೂ ನಾನು ದಾರಿಬದಿಯವರ ಮುಖ ನೋಡುತ್ತಿದ್ದೆ. ತೊಗರಿಯ ಹೊಲದಲ್ಲಿ ಹೆಂಗಸರು ನಗುತ್ತ ಕೆಲಸ ಮಾಡುತ್ತಿದ್ದರು. ಎದುರಿನಿಂದ ಒಂದು ಗಾಡಿಯೂ ಬರಲಿಲ್ಲ. ಬರದಿದ್ದರೆ ದಾರಿ ಮುಚ್ಚಿದೆ ಎಂದರ್ಥ. ದಾರಿ ಯಾಕೆ ಮುಚ್ಚಿದೆ ಎಂದು ಯೋಚಿಸಲು ಧೈರ್ಯವಾಗಲಿಲ್ಲ. ನಡುವೆ ಫೋನು ಹಚ್ಚಿದೆ, ಹತ್ತಲಿಲ್ಲ. ಸಹೋದ್ಯೋಗಿ ಏನೋ ಸಮಾಧಾನ ಹೇಳುತ್ತಿದ್ದ. ಗಾಳಿಯಲ್ಲಿ ಅದು ನನಗೆ ಕೇಳಲಿಲ್ಲ.

ಏರು ಹತ್ತಿ ಇಳಿದಾಗ ಸೇತುವೆ ಕಂಡಿತು. ನಿಂತಿತ್ತು. ಗಾಡಿಗಳೂ ಮೇಲೆ ನಿಂತಿದ್ದವು. ಜನರೆಲ್ಲ ಆಚೆ ದಂಡೆಯಲ್ಲಿ ಸೇರಿದ್ದರು. ಈಚೆ ದಂಡೆಯಿಂದ ನಾನು ಅತ್ತೆಯ ಕೆಂಪು ಸೀರೆಯನ್ನು ಹುಡುಕಿದೆ. ಕಾಣಲಿಲ್ಲ. ಬಸ್ಸಿನ ಕಿಟಕಿಯಲ್ಲೂ ಇರಲಿಲ್ಲ. ಸೇತುವೆಯ ಮೇಲೆ ಹೋಗುವ ಹಾಗಿರಲಿಲ್ಲ. ಬೇಸಗೆ ಹತ್ತಿರ ಬಂದು ಹಳ್ಳದ ನೀರು ತಗ್ಗಿದ್ದರಿಂದ ಸೇತುವೆಯಿಂದ ದೂರ, ನೀರು ಹರಿದು ಬರುವ ಬದಿಯಲ್ಲಿ ಬಂಡೆ ಹಿಡಿದು ದಾಟಿದೆ. ಮೊಣಕಾಲ ಮೇಲೆ ನೀರು, ಕಾಲ ಕೆಳಗೆ ಕೆಸರು.

ಅತ್ತೆ ಬೇವಿನ ಗಿಡದ ಹಿಂದೆ ನೆಲಕ್ಕೆ ಕುಳಿತಿದ್ದರು. ಪಕ್ಕದಲ್ಲಿ ಆ ಕಬ್ಬು ಕಡಿಯುವ ಹೆಣ್ಣುಮಗಳು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಗ್ಯಾಂಗಿನ ಜೊತೆ ಮಹಾರಾಷ್ಟ್ರದಿಂದ ಬಂದವಳು, ಸಂತೆಗೆಂದು ಬಸ್ಸು ಹತ್ತಿದ್ದಳಂತೆ. ಫೋನು ಕಟ್ಟಾದ ಮೇಲೆ ಅವಳು ಏನೂ ಕೇಳದೆ ಅತ್ತೆಗೆ ಬೆನ್ನು ಕೊಟ್ಟು ಬಗ್ಗಿ, ಕಬ್ಬಿನ ಹೊರೆ ಎತ್ತುವಂತೆ ಎತ್ತಿಕೊಂಡು, ಆ ಸಂದಿಯಲ್ಲಿ ಓರೆಯಾಗಿ ನಡೆದು ತಂದಿದ್ದಳು. ಅವಳ ಮೊಣಕೈ ಗೋಡೆಗೆ ಉಜ್ಜಿ ತೊಗಲು ಕಿತ್ತು ರಕ್ತ ಒಸರುತ್ತಿತ್ತು. ಕಂಡಕ್ಟರು ಹಿಂದಿನಿಂದ ಹಿಡಿದಿದ್ದನಂತೆ.

ಅತ್ತೆ ನನ್ನ ಕೈ ಹಿಡಿದರು. ಅವರ ಕೈ ಅಷ್ಟು ತಣ್ಣಗೆ ಇದ್ದುದನ್ನು ನಾನು ಎಂದೂ ಕಂಡಿರಲಿಲ್ಲ. ಆಮೇಲೆ ಮೆಲ್ಲಗೆ, "ಇಕಿ ಎತ್ತೂ ಮೊದಲು ನಾ ಎದ್ದು ನಿಂತಿದ್ದೆವಾ," ಎಂದರು. "ಬಸ್ಸು ನಿಂತಿತ್ತು ಖರೆ. ಕೆಳಗಿನ ನೆಲ ನಿಂತಿರಲಿಲ್ಲ. ಅಂಗಾಲಿಗೆ ಗೊತ್ತಾತು."

ಅಷ್ಟರಲ್ಲಿ ಜನರೊಳಗೆ ಗದ್ದಲವೆದ್ದಿತು. ಟಿಪ್ಪರಿನ ಡ್ರೈವರು, ಮೀಸೆ ಹಣ್ಣಾದವನು, ಕ್ಯಾಬಿನ್ನಿನಲ್ಲಿ ಬಿಟ್ಟ ಫೋನು ತರುತ್ತೇನೆಂದು ಸೇತುವೆಯ ಮೇಲೆ ನಡೆದಿದ್ದ. ಕಂಡಕ್ಟರು ಕೂಗಿದ. ನಾನೂ ಕೂಗಿದೆ. ಆತ ಈಗ ಬಂದೆ ಎಂಬಂತೆ ಕೈ ಎತ್ತಿ ತೋರಿಸಿ, ಟಿಪ್ಪರು ಹತ್ತಿ ಒಳಗೆ ಬಗ್ಗಿದ.

ಆಗ ಕೇಳಿದ ಶಬ್ದ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಮೊದಲು ಬೀಸುವ ಕಲ್ಲಿನ ಹಾಗೆ ಒಂದು ಗರಗರ. ಆಮೇಲೆ ಧೊಪ್ಪನೆ ಸೇತುವೆಯ ಹೊರಮೈ ಕಳಚಿತು. ಬದಿಯ ಗೋಡೆ, ಅದರ ಕೆಳಗಿನ ಕಲ್ಲಿನ ಸಾಲು, ಎಲ್ಲ ಕೂಡಿಯೇ ಹಳ್ಳಕ್ಕೆ ಇಳಿದವು. ಬಿಳಿ ಧೂಳು ಎದ್ದು ಟಿಪ್ಪರು ಮುಚ್ಚಿಹೋಯಿತು. ಖಡಿ ಸುರಿಯುವ ಸಪ್ಪಳ ಮಾತ್ರ ಕೇಳುತ್ತಿತ್ತು. ಜನ ಹಿಂದಕ್ಕೆ ಓಡಿದರು. ನನಗೆ ಓಡಲಾಗಲಿಲ್ಲ, ಅತ್ತೆಯ ಕೈ ನನ್ನ ಕೈಯಲ್ಲಿತ್ತು.

ಧೂಳು ಇಳಿದಾಗ ಟಿಪ್ಪರು ಓರೆಯಾಗಿ ಜೋತಾಡುತ್ತಿತ್ತು, ಹಿಂದಿನ ಗಾಲಿಗಳು ಗಾಳಿಯಲ್ಲಿ. ಡ್ರೈವರು ಮುಂದಿನ ಟ್ರೇಲರಿನ ಕಬ್ಬನ್ನು ತಬ್ಬಿಕೊಂಡು ಬಿದ್ದಿದ್ದ. ಆಚೆ ಬಾಗಿಲಿನಿಂದ ಜಿಗಿದಿದ್ದ. ಆತ ತೆವಳುತ್ತ ಬಾಗೇವಾಡಿಯ ಕಡೆಯ ದಂಡೆಗೆ ಹೋಗಿ ಮಣ್ಣಿನ ಮೇಲೆ ಬೋರಲಾಗಿ ಮಲಗಿದ್ದು ಕಂಡಿತು. ಬಹಳ ಹೊತ್ತು ಏಳಲಿಲ್ಲ. ಸತ್ತನೇನೋ ಎಂದುಕೊಂಡೆವು. ಆಮೇಲೆ ನನ್ನ ಸಹೋದ್ಯೋಗಿ ನೀರು ಕುಡಿಸಿದ, ಎದ್ದು ಕುಳಿತ.

ಇಂಜಿನಿಯರು ಬಂದವರೇ ಎರಡೂ ಕಡೆ ಹಗ್ಗ ಕಟ್ಟಿಸಿದರು. ಕಮಾನುಗಳನ್ನು ದೂರದಿಂದಲೇ ನೋಡಿ, ಒಳಗಿನದು ಇನ್ನೂ ಹಿಡಿದಿದೆ, ಎಷ್ಟು ಹೊತ್ತು ಹಿಡಿಯುತ್ತದೋ ಹೇಳಲಾರೆ ಎಂದರು. ಗಾಡಿಗಳನ್ನು ಇಳಿಸಲು ದೊಡ್ಡ ಕ್ರೇನು ತರಿಸಿದರು, ಅದಕ್ಕೂ ಕೆಲವು ದಿನ ಹಿಡಿಯಿತು. ಯಾರಿಗೂ ಜೀವಕ್ಕೆ ಏನೂ ಆಗಲಿಲ್ಲ. ನಂತರ ಕಳಚಿದ ಬದಿಯನ್ನು ಕಟ್ಟಿಸಿ, ದೊಡ್ಡ ಗಾಡಿ ನುಗ್ಗದಂತೆ ಸೇತುವೆಯ ಎರಡೂ ಬಾಯಿಗೆ ತಗ್ಗಾದ ಕಬ್ಬಿಣದ ಕಮಾನು ನೆಟ್ಟರು. ಈಗ ಅಲ್ಲಿ ನಡೆಯುವವರು, ಬೈಕಿನವರು ಮಾತ್ರ. ಬಸ್ಸು ಸುತ್ತು ಹಾಕಿ ಬರುತ್ತದೆ. ಕ್ಯಾಮೆರಾ ಬಂದ ಮೇಲೆಯೇ ಇದೆಲ್ಲ ಆಯಿತು ಎಂದು ನನ್ನ ಮುಖದ ಮೇಲೇ ಹೇಳಿದವರು ಊರಲ್ಲಿದ್ದಾರೆ. ಉಳಿದ ಸೇತುವೆಗಳ ಯಂತ್ರಗಳಿಗೆ ಈಗ ಮೇಲೆ ನಿಂತ ಗಾಡಿಗಳ ಒಟ್ಟು ತೂಕ ಕೂಡಿಸಲು ಕಲಿಸಿದ್ದಾರೆ. ಮಿತಿ ಮೀರಿದರೆ ಕಚೇರಿಯಲ್ಲಿ ಗಂಟೆ ಬಾರಿಸುತ್ತದೆ. ಬಾರಿಸಿದಾಗಲೆಲ್ಲ ಮೊದಲು ಆ ಸೇತುವೆಯ ಮೇಲೆ ಬಸ್ಸಿದೆಯೇ ಎಂದು ಹುಡುಕುತ್ತೇನೆ. ಗಂಟೆ ನಿಲ್ಲುವ ತನಕ ಕುರ್ಚಿ ಬಿಟ್ಟು ಏಳುವುದಿಲ್ಲ.

ಆ ಹೆಣ್ಣುಮಗಳ ಹೆಸರನ್ನು ಆ ಗದ್ದಲದಲ್ಲಿ ನಾವು ಯಾರೂ ಕೇಳಿರಲಿಲ್ಲ. ಅತ್ತೆಗೆ ಅದೇ ಕೊರಗು. ಕಣ್ಣು ತೋರಿಸುವುದನ್ನೂ ಬಿಟ್ಟು, ಒಂದು ಇಳಕಲ್ ಸೀರೆ ತರಿಸಿ, ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿಯೊಂದಿಗೆ ನನ್ನನ್ನು ಕರೆದುಕೊಂಡು ಗ್ಯಾಂಗಿನವರ ಗುಡಿಸಲು ಹುಡುಕಲು ಹೊರಟರು. ಹೊಲದಲ್ಲಿ ಒಲೆಯ ಕಲ್ಲು, ಬೂದಿ, ಒಂದಿಷ್ಟು ರವದಿ ಬಿದ್ದಿತ್ತು. ಗ್ಯಾಂಗು ಇಂಡಿಯ ಕಡೆ ಹೋಯಿತು ಎಂದರು ಹೊಲದವರು. ಇಂಡಿಯ ಕಡೆ ತವರಿನವರಿಗೆ ಹೇಳಿ ವಿಚಾರಿಸಿದೆವು. ಹಂಗಾಮು ಮುಗಿದು ಅವರು ತಮ್ಮೂರಿಗೆ ಹೋಗಿದ್ದರು.

"ಮುಂದಿನ ವರ್ಷ ಬರ್ತಾರಲ್ಲ," ಎಂದೆ ನಾನು.

ಅತ್ತೆ ಸೀರೆಯನ್ನು ಮಡಚಿ ಟ್ರಂಕಿನಲ್ಲಿಟ್ಟರು. "ಬರ್ತಾಳ ಬಿಡು," ಎಂದರು. "ಬರೂ ದಾರ್‍ಯಾಗ ಎಷ್ಟು ಹಳೇ ಬ್ರಿಡ್ಜ್ ಅದಾವೋ ಏನೋ, ಅದೊಂದು ನೋಡಿ ಹೇಳು ನಂಗ."